ಫೋನಿನಲ್ಲಿ ಒಂದು ಕನ್ನಡ, ಆಫೀಸಿನಲ್ಲಿ ಇನ್ನೊಂದು: ಇದು ನಾಟಕವೇ?

ಪ್ರಶ್ನೆ: ನಾನು ಗದಗ ಕಡೆಯವಳು. ಬೆಂಗಳೂರಿಗೆ ಬಂದು ಬಹಳ ವರ್ಷ ಆಯಿತು, ಬ್ಯಾಂಕೊಂದರಲ್ಲಿ ಕೆಲಸ. ಆಫೀಸಿನಲ್ಲಿ ‘ಮಾಡ್ತಾ ಇದ್ದೀನಿ’ ಅಂತೀನಿ. ಅವ್ವನ ಫೋನ್ ಬಂದರೆ ‘ಮಾಡಾಕತ್ತೀನಿ’ ತಾನಾಗೇ ಬರುತ್ತದೆ. ಮೊನ್ನೆ ಪಕ್ಕದ ಸೀಟಿನವರು, ‘ಈಗ ಮಾತಾಡಿದ್ದು ನೀವೇನಾ? ಯಾರ ಜೊತೆಗೋ ಜಗಳ ಆಡ್ತಿದ್ದೀರಿ ಅಂದ್ಕೊಂಡೆ’ ಅಂತ ನಕ್ಕರು. ಊರಿಗೆ ಹೋದರೆ ತಮ್ಮ ‘ಅಕ್ಕ ಬೆಂಗಳೂರಾಕಿ ಆಗ್ಯಾಳ’ ಅಂತ ಕಾಡಿಸುತ್ತಾನೆ. ಎಂಟು ವರ್ಷದ ಮಗಳು ಅಜ್ಜಿಯ ಹತ್ತಿರವೂ ಬೆಂಗಳೂರು ಕನ್ನಡವನ್ನೇ ಆಡುತ್ತಾಳೆ. ನಾನು ಎರಡೂ ಕಡೆ ನಾಟಕ ಮಾಡುತ್ತಿದ್ದೇನಾ? ಯಾವುದು ನನ್ನ ನಿಜವಾದ ಮಾತು? ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರಾ?

ಉತ್ತರ: ಬೇಕಾದಷ್ಟು ಮಾಡಿದ್ದಾರೆ. ಸುಮಾರು ಅರವತ್ತು ವರ್ಷಗಳಿಂದ ಭಾಷಾವಿಜ್ಞಾನ, ಮಾನವಶಾಸ್ತ್ರ, ಮನಶ್ಶಾಸ್ತ್ರ ಮೂರೂ ಕಡೆಯವರು ಇದೇ ಪ್ರಶ್ನೆಯ ಸುತ್ತ ಸುತ್ತುತ್ತಿದ್ದಾರೆ. ಮೊದಲಿಗೆ ನೇರ ಉತ್ತರ ಹೇಳಿಬಿಡುತ್ತೇನೆ. ನಾಟಕ ಅಲ್ಲ. ನಾಟಕ ಮಾಡುವವರಿಗೆ ತಾವು ಯಾವಾಗ ವೇಷ ಬದಲಿಸಿದೆವು ಅನ್ನುವುದು ಗೊತ್ತಿರುತ್ತದೆ. ನೀವೇ ‘ತಾನಾಗೇ ಬರುತ್ತದೆ’ ಅಂತ ಬರೆದಿದ್ದೀರಿ.

ಈ ‘ತಾನಾಗೇ’ ಅನ್ನುವುದು ಎಷ್ಟು ಆಳದ್ದು ಅಂತ ತೋರಿಸಿದ ಒಂದು ಕೆಲಸ ನಾರ್ವೆಯಲ್ಲಿ ನಡೆಯಿತು. ಉತ್ತರ ನಾರ್ವೆಯ ಹೆಮ್ನೆಸ್‌ಬರ್ಗೆಟ್ ಸುಮಾರು 1,300 ಜನರ ಸಣ್ಣ ಪಟ್ಟಣ. ಅಲ್ಲಿಯವರಿಗೆ ಎರಡು ಮಾತು. ಒಂದು ಊರಿನ ರಾನಾ ಆಡುಮಾತು, ಇನ್ನೊಂದು ಶಾಲೆ, ಚರ್ಚು, ಸರ್ಕಾರಿ ಕಚೇರಿಯ ಬೊಕ್ಮೋಲ್ ಅನ್ನುವ ಶಿಷ್ಟ ಭಾಷೆ. ಮಾನವಶಾಸ್ತ್ರಜ್ಞ ಯಾನ್-ಪೆಟ್ಟರ್ ಬ್ಲೋಮ್ ಮತ್ತು ಭಾಷಾತಜ್ಞ ಜಾನ್ ಗಂಪರ್ಜ್ ಅಲ್ಲಿ ಕೂತು ಗಮನಿಸಿದರು, 1972ರಲ್ಲಿ ಪ್ರಕಟಿಸಿದರು. ಕಚೇರಿಯ ಕೌಂಟರಿನಲ್ಲಿ ಜನ ಮೊದಲು ಮನೆಯವರ ಕ್ಷೇಮ ಸಮಾಚಾರ ಕೇಳುವಾಗ ಊರಿನ ಮಾತು. ಕಾಗದಪತ್ರದ ವಿಷಯಕ್ಕೆ ಬಂದ ತಕ್ಷಣ ಶಿಷ್ಟ ಮಾತು. ಇಬ್ಬರೂ ಅವರೇ, ಜಾಗವೂ ಅದೇ.

ಇದಕ್ಕಿಂತ ಮಜಾ ಇರುವುದು ಕಾಲೇಜು ಹುಡುಗರ ಕಥೆಯಲ್ಲಿ. ದೊಡ್ಡ ಊರುಗಳಲ್ಲಿ ಓದುತ್ತಿದ್ದ ಇವರು ರಜೆಗೆ ಮನೆಗೆ ಬಂದಿದ್ದರು. ‘ಊರಿಗೆ ಬಂದರೆ ನಾವು ನಮ್ಮ ಮಾತನ್ನೇ ಆಡುತ್ತೇವೆ’ ಅನ್ನುವುದು ಅವರ ಖಡಾಖಂಡಿತ ಹೇಳಿಕೆ. ಒಂದು ಸಂಜೆ ಎಲ್ಲರೂ ಕೂಡಿ ಹರಟೆ ಹೊಡೆದರು. ಅದನ್ನು ಟೇಪಿನಲ್ಲಿ ಕೇಳಿಸಿದಾಗ ಅವರಿಗೇ ಆಘಾತ. ರಾಜಕೀಯದ ವಾದ ಶುರುವಾದ ಕಡೆಯಲ್ಲೆಲ್ಲ ಶಿಷ್ಟ ಭಾಷೆಯ ರೂಪಗಳು ನುಗ್ಗಿದ್ದವು. ‘ಇನ್ನು ಮುಂದೆ ಹಾಗೆ ಮಾತಾಡಲ್ಲ’ ಅಂತ ಮಾತು ಕೊಟ್ಟರು, ಪಾಪ. ನಂತರ ಬಂದ ನಾರ್ವೆಯ ಭಾಷಾತಜ್ಞರು ಈ ಸಂಶೋಧನೆಗೆ ತಕರಾರನ್ನೂ ತೆಗೆದರು. ಎರಡು ಮಾತುಗಳ ನಡುವೆ ಇವರು ಎಳೆದಷ್ಟು ಚೊಕ್ಕಟ ಗೆರೆ ಜನರ ಬಾಯಲ್ಲಿ ಇಲ್ಲ ಅಂದರು. ಆ ತಕರಾರು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಅದು ನಿಮಗೂ ಅನ್ವಯಿಸುತ್ತದೆ. ನಿಮ್ಮ ‘ಆಫೀಸಿನ ಕನ್ನಡ’ವನ್ನು ರೆಕಾರ್ಡ್ ಮಾಡಿ ಕೇಳಿದರೆ ಅದರಲ್ಲಿ ಗದಗ ಎಷ್ಟೋ ಕಡೆ ಇಣುಕುತ್ತಿರುತ್ತದೆ. ಅವ್ವನ ಫೋನಿನಲ್ಲಿ ಬೆಂಗಳೂರೂ ಇರುತ್ತದೆ. ನಿಮ್ಮ ತಮ್ಮ ಕಾಡಿಸುವುದು ಅದಕ್ಕೇ ಅಲ್ವಾ?

ಇದೇ ಗಂಪರ್ಜ್ ನಮ್ಮ ಗಡಿಗೂ ಬಂದಿದ್ದರು. ಅವರೂ ರಾಬರ್ಟ್ ವಿಲ್ಸನ್ ಅವರೂ 1971ರಲ್ಲಿ ಪ್ರಕಟಿಸಿದ ಒಂದು ಲೇಖನ ಭಾಷಾವಿಜ್ಞಾನ ಓದುವವರೆಲ್ಲ ಇವತ್ತಿಗೂ ಓದುವಂಥದ್ದು. ಕನ್ನಡದವರಿಗೇ ಅದರ ಸುದ್ದಿ ಕಡಿಮೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ, ಅವರು ‘ಕುಪ್ವಾರ್’ ಅಂತ ಕರೆದ, ಸುಮಾರು ಮೂರು ಸಾವಿರ ಜನರ ಹಳ್ಳಿ ಅದು. ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಮುಸ್ಲಿಮರ ಮನೆಯಲ್ಲಿ ಉರ್ದು, ದಲಿತರ ಮನೆಯಲ್ಲಿ ಮರಾಠಿ, ಹಗ್ಗ ಹೊಸೆಯುವವರ ಮನೆಯಲ್ಲಿ ತೆಲುಗು. ಗಂಡಸರಲ್ಲಿ ಹೆಚ್ಚಿನವರಿಗೆ ಎರಡು ಮೂರು ಭಾಷೆ ಸಲೀಸು. ಹೊಲದಲ್ಲಿ, ಅಂಗಡಿಯಲ್ಲಿ ದಿನವೂ ಒಂದರಿಂದ ಇನ್ನೊಂದಕ್ಕೆ ಜಿಗಿಯಲೇಬೇಕು. ಹೀಗೆ ನೂರಾರು ವರ್ಷ ನಡೆದಿದೆ.

ಅಷ್ಟು ವರ್ಷದಲ್ಲಿ ಎಲ್ಲ ಕಲಸಿ ಒಂದೇ ಭಾಷೆ ಆಗಿರಬೇಕಿತ್ತು ಅಂತ ನಾವು ಅಂದುಕೊಳ್ಳುತ್ತೇವೆ. ಆಗಲಿಲ್ಲ. ಆದದ್ದು ವಿಚಿತ್ರವಾಗಿದೆ. ಪದಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಉಳಿದವು. ಕನ್ನಡದ ಮನೆಯ ಪದ ಕನ್ನಡದ್ದು, ಉರ್ದು ಮನೆಯ ಪದ ಉರ್ದುವಿನದು. ಒಳಗಿನ ವ್ಯಾಕರಣ ಮಾತ್ರ ಒಂದೇ ಆಗುತ್ತ ಬಂತು. ನಾವು ‘ಇದು ನಿಮ್ಮ ಮನೆ’ ಅಂದರೆ ವಾಕ್ಯ ಮುಗಿಯಿತು. ಅಲ್ಲಿಯ ಕನ್ನಡದಲ್ಲಿ ಕೊನೆಗೆ ‘ಐತಿ’ ಬರುತ್ತದೆ, ಮರಾಠಿಯಲ್ಲಿ ‘ಆಹೆ’ ಬರುವ ಹಾಗೆ. ಆ ಕಡೆ ಅಲ್ಲಿಯ ಉರ್ದು, ಮರಾಠಿಗಳು ಕುರ್ಚಿ, ಮೇಜಿಗೂ ಗಂಡು ಹೆಣ್ಣು ಅಂತ ಲಿಂಗ ಹಚ್ಚುವ ಪದ್ಧತಿ ಬಿಟ್ಟು ಕನ್ನಡದ ದಾರಿ ಹಿಡಿದವು. ಮನುಷ್ಯರಲ್ಲಿ ಗಂಡು, ಹೆಣ್ಣು. ಉಳಿದದ್ದೆಲ್ಲ ಒಂದೇ ಲೆಕ್ಕ. ಕೊನೆಗೆ ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಸಾಗಿಸಬಹುದು ಅನ್ನುವಷ್ಟು ಹತ್ತಿರ ಬಂದವು.

ಯಾಕೆ ಹೀಗೆ? ಗಂಪರ್ಜ್, ವಿಲ್ಸನ್ ಕೊಟ್ಟ ವಿವರಣೆ ಭಾಷೆಗಿಂತ ಸಮಾಜದ್ದು. ದುಡಿಮೆಯಲ್ಲಿ ಎಲ್ಲರೂ ಎಲ್ಲರ ಜೊತೆ ಬೆರೆಯಲೇಬೇಕು. ಮನೆಯೊಳಗೆ, ಮದುವೆಯಲ್ಲಿ, ಪೂಜೆಯಲ್ಲಿ ಜಾತಿ, ಧರ್ಮದ ಗೋಡೆ ಗಟ್ಟಿ. ಮನೆಮಾತು ಬಿಟ್ಟರೆ ‘ನಾವು ಯಾರು’ ಅನ್ನುವುದೇ ಹೋದಂತೆ. ಹಾಗಾಗಿ ಕಣ್ಣಿಗೆ, ಕಿವಿಗೆ ಬೀಳುವ ಪದಗಳನ್ನು ಜನ ಕಾಪಾಡಿಕೊಂಡರು. ಯಾರ ಗಮನಕ್ಕೂ ಬಾರದ ವಾಕ್ಯರಚನೆಯಲ್ಲಿ ದಿನದ ಕಷ್ಟ ಕಡಿಮೆ ಮಾಡಿಕೊಂಡರು. ಊರಿನವರೆಲ್ಲರಿಗೂ ಸಲ್ಲುವ ನಡುವಿನ ಭಾಷೆ ಮರಾಠಿ. ಜಮೀನು ಹೆಚ್ಚಾಗಿ ಕನ್ನಡ ಆಡುವ ಜೈನರ ಕೈಯಲ್ಲೇ ಇದ್ದರೂ ಹಾಗೆ. ಮರಾಠಿ ಆಡಿದರೆ ಯಾರೂ ಯಾರ ಮನೆಯೊಳಗೂ ಕಾಲಿಟ್ಟಂತೆ ಆಗುತ್ತಿರಲಿಲ್ಲ.

ನಿಮ್ಮ ವಿಷಯದಲ್ಲೂ ಇದನ್ನೇ ನೋಡಿ. ‘ಮಾಡಾಕತ್ತೀನಿ’ ಎಲ್ಲರ ಕಿವಿಗೆ ಬೀಳುತ್ತದೆ, ಅದಕ್ಕೇ ನೀವು ಆಫೀಸಿನ ಬಾಗಿಲಲ್ಲಿ ಅದನ್ನು ಬಿಟ್ಟು ಬರುತ್ತೀರಿ. ಮಾತಿನ ರಾಗ, ಯಾವ ಪದಕ್ಕೆ ಒತ್ತು, ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಬಿಟ್ಟು ಬಂದಿಲ್ಲ. ಅದು ಸುಮ್ನೆ ಹೋಗುವಂಥದ್ದಲ್ಲ.

ರಾಗದ ಮಾತು ಬಂತಲ್ಲ, ‘ಜಗಳ’ದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿಗೆ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಊಟಕ್ಕೆ ಬಂದವರು ‘ಇವರು ಒರಟರು, ಸಹಕರಿಸುವುದಿಲ್ಲ’ ಅಂತ ದೂರಿದರು. ಹೆಂಗಸರಿಗೆ ‘ಇವರು ನಮ್ಮನ್ನು ಕೀಳಾಗಿ ಕಾಣುತ್ತಾರೆ’ ಅನ್ನಿಸಿತು. ಗಂಪರ್ಜ್ ರೆಕಾರ್ಡ್ ಮಾಡಿ ನೋಡಿದರೆ ಎದುರಿನವರ ಜೊತೆ ಇವರು ಆಡುವ ಮಾತೇ ಬಹಳ ಕಡಿಮೆ. ತಟ್ಟೆಗೆ ಸಾರಿನಂಥ ‘ಗ್ರೇವಿ’ ಬಡಿಸಬೇಕೇ ಅಂತ ಕೇಳಬೇಕು. ಇಂಗ್ಲಿಷರು ದನಿ ಏರಿಸಿ ‘ಗ್ರೇವಿ?’ ಅನ್ನುತ್ತಾರೆ. ಇವರು ದನಿ ಇಳಿಸಿ ‘ಗ್ರೇವಿ’ ಅನ್ನುತ್ತಿದ್ದರು. ನಮ್ಮವರ ಕಿವಿಗೆ ಅದು ವಿನಯದಿಂದ ಕೇಳಿದಂತೆ. ಅವರ ಕಿವಿಗೆ ‘ಇದು ಗ್ರೇವಿ, ಬೇಕಾದರೆ ತಗೋ’ ಅಂದಂತೆ. ಆ ಧ್ವನಿಮುದ್ರಣವನ್ನು ಎರಡೂ ಕಡೆಯವರಿಗೆ ಕೇಳಿಸಿದ ಮೇಲೆ ಗಂಟು ಸಡಿಲವಾಯಿತು. ಉತ್ತರ ಕರ್ನಾಟಕದ ಮಾತು ಬೆಂಗಳೂರು, ಮೈಸೂರಿನವರ ಕಿವಿಗೆ ‘ಜಗಳ’ ಅನ್ನಿಸುವುದೂ ಈ ಜಾತಿಯದ್ದೇ. ಅಲ್ಲಿ ದನಿ ಏರುವುದು ಆಸಕ್ತಿಗೆ, ಸಲಿಗೆಗೆ. ಇಲ್ಲಿ ಕಿವಿ ಅದನ್ನು ಸಿಟ್ಟು ಅಂತ ಓದುತ್ತದೆ. ನಮ್ಮ ಸಿನಿಮಾಗಳು ಧಾರವಾಡ, ಮಂಗಳೂರಿನ ಮಾತನ್ನು ಬಹಳ ಕಾಲ ಹಾಸ್ಯಪಾತ್ರಕ್ಕೇ ಮೀಸಲಿಟ್ಟದ್ದರಿಂದ ಆ ಕಿವಿಗೆ ತರಬೇತಿಯೂ ಹಾಗೇ ಆಗಿದೆ.

ಈಗ ‘ಬದಲಿಸುವುದು’ ಅನ್ನುವುದರ ಒಳಗೆ ಹೋಗೋಣ. 1973ರ ಸುಮಾರಿಗೆ ಹವರ್ಡ್ ಜೈಲ್ಸ್ ಅನ್ನುವ ವೇಲ್ಸ್ ಮೂಲದ ಮನಶ್ಶಾಸ್ತ್ರಜ್ಞ ಒಂದು ಸಿದ್ಧಾಂತ ಮುಂದಿಟ್ಟರು. ಕನ್ನಡದಲ್ಲಿ ಹೊಂದಾಣಿಕೆಯ ಸಿದ್ಧಾಂತ ಅನ್ನಬಹುದು. ಎದುರಿನವರಿಗೆ ಹತ್ತಿರ ಆಗಬೇಕಾದರೆ ಅವರ ಮಾತಿನ ಕಡೆ ಸರಿಯುತ್ತೇವೆ, ದೂರ ಇಡಬೇಕಾದರೆ ನಮ್ಮ ಮಾತನ್ನು ಇನ್ನಷ್ಟು ಗಟ್ಟಿ ಮಾಡುತ್ತೇವೆ ಅನ್ನುವುದು ಅದರ ತಿರುಳು. ಕೇಳಿದರೆ ‘ಇದೇನು ಮಹಾ’ ಅನ್ನಿಸುತ್ತದೆ. ಅಳೆದು ನೋಡಿದಾಗ ಮಾತ್ರ ಅದರ ಸೂಕ್ಷ್ಮ ಗೊತ್ತಾಗುವುದು. ನಿಕೊಲಸ್ ಕೂಪ್ಲಂಡ್ 1980ರ ದಶಕದಲ್ಲಿ ವೇಲ್ಸಿನ ಕಾರ್ಡಿಫ್ ನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಮಾಡುವ ಯುವತಿಯ ಮಾತನ್ನು ರೆಕಾರ್ಡ್ ಮಾಡಿದರು. ಗಿರಾಕಿ ಕೂಲಿ ಕೆಲಸದವರಾದರೆ ಆಕೆಯ ಉಚ್ಚಾರಣೆ ಅವರ ಕಡೆ ಸರಿಯುತ್ತಿತ್ತು. ಮೇಲ್ದರ್ಜೆಯ ನೌಕರಿಯವರಾದರೆ ಆ ಕಡೆ. ಗಿರಾಕಿಯ ವರ್ಗ ಯಾವುದು ಅಂತ ಆಕೆಯ ಉಚ್ಚಾರಣೆ ನೋಡಿಯೇ ಊಹಿಸಬಹುದಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ದೂರ ಇಡುವುದರ ಉದಾಹರಣೆಯೂ ವೇಲ್ಸಿನದೇ. ರಿಚರ್ಡ್ ಬೂರಿ ಮತ್ತು ಜೈಲ್ಸ್ 1977ರಲ್ಲಿ ಪ್ರಕಟಿಸಿದ್ದು. ವೆಲ್ಷ್ ಭಾಷೆ ಕಲಿಯುತ್ತಿದ್ದ ದೊಡ್ಡವರು ಭಾಷಾ ಪ್ರಯೋಗಾಲಯದಲ್ಲಿ ಕೂತಿದ್ದರು. ಬಹಳ ಇಂಗ್ಲಿಷ್ ಶೈಲಿಯ ದನಿಯೊಂದು ಹೆಡ್‌ಫೋನಿನಲ್ಲಿ, ಸಾಯುತ್ತಿರುವ ಈ ಭಾಷೆ ಯಾಕೆ ಕಲಿಯುತ್ತೀರಿ ಅನ್ನುವ ಅರ್ಥದಲ್ಲಿ ಕೆಣಕಿತು. ಭಾಷೆಯ ಮೇಲೆ ಅಭಿಮಾನ ಇದ್ದವರ ಇಂಗ್ಲಿಷ್ ತಟ್ಟನೆ ಹೆಚ್ಚು ವೆಲ್ಷ್ ಆಯಿತು. ಕೆಲವರು ಉತ್ತರದಲ್ಲಿ ವೆಲ್ಷ್ ಪದಗಳನ್ನೇ ಸೇರಿಸಿದರು. ಒಬ್ಬಾಕೆ ಉತ್ತರವನ್ನೇ ಕೊಡದೆ ಮೈಕಿನಲ್ಲಿ ಮೆಲ್ಲಗೆ ವೆಲ್ಷ್ ಕ್ರಿಯಾಪದದ ರೂಪಗಳನ್ನು ಒಪ್ಪಿಸತೊಡಗಿದರಂತೆ! ನೌಕರಿಗಾಗಿ ಕಲಿಯುತ್ತಿದ್ದವರು ಮಾತ್ರ ಹಾಗೆ ಮಾಡಲಿಲ್ಲ.

ನಿಮ್ಮ ತಮ್ಮನ ಕಾಡಿಸುವಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೀವು ಊರಿಗೆ ಹೋದಾಗ ಅವನ ಮಾತು ಮಾಮೂಲಿಗಿಂತ ಜಾಸ್ತಿ ಗದಗಿನದ್ದಾಗುತ್ತದೆ ಅಂತ ನನ್ನ ಅನುಮಾನ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಭಾಷಾತಜ್ಞ ವಿಲಿಯಂ ಲಬೋವ್ ಕಂಡದ್ದು ಇಂಥದ್ದೇ. ಅವರ ಲೇಖನ ಬಂದದ್ದು 1963ರಲ್ಲಿ. ಬೇಸಿಗೆಯಲ್ಲಿ ಆ ದ್ವೀಪಕ್ಕೆ ಊರಿನವರ ಹಲವು ಪಟ್ಟು ಜನ ಬಂದಿಳಿಯುತ್ತಿದ್ದರು. ಮನೆ, ಜಮೀನು ಹೊರಗಿನವರ ಪಾಲಾಗುತ್ತಿದ್ದವು. ‘ರೈಟ್’, ‘ಹೌಸ್’ ಥರದ ಪದಗಳ ಸ್ವರವನ್ನು ಹಳೆಯ ಊರಿನ ರೀತಿಯಲ್ಲಿ ನುಡಿಯುವುದು ಅಳಿಯುವ ಬದಲು ಹೆಚ್ಚುತ್ತಿತ್ತು. ಅದರಲ್ಲೂ ಮುಂದಿದ್ದವರು ಅಜ್ಜಂದಿರಲ್ಲ, 30ರಿಂದ 45ರೊಳಗಿನವರು, ಮುಖ್ಯವಾಗಿ ದ್ವೀಪದ ಚಿಲ್ಮಾರ್ಕ್ ಊರಿನ ಮೀನುಗಾರರು. ಇಲ್ಲೇ ಇರುತ್ತೇವೆ ಅಂತ ನಿಶ್ಚಯಿಸಿದವರ ಬಾಯಲ್ಲಿ ಅದು ಜಾಸ್ತಿ, ಊರು ಬಿಡುವ ಯೋಚನೆಯಲ್ಲಿದ್ದವರ ಬಾಯಲ್ಲಿ ಕಡಿಮೆ. ಕಾಲೇಜಿಗೆ ಹೋಗಿ ವಾಪಸ್ ಬಂದವರಲ್ಲೂ ಅದು ಬಲವಾಗಿತ್ತು. ಉಳಿದವರು ಹೋದವರ ಮಾತನ್ನು ಅಳೆಯುತ್ತಾರೆ. ಅದು ಎಲ್ಲ ಊರಿನ ಕಥೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕರಾರು. ಹೊಂದಾಣಿಕೆಯ ಸಿದ್ಧಾಂತವನ್ನು ನಮ್ಮ ತರಗತಿಗಳಲ್ಲಿ ಪಾಠ ಮಾಡುವಾಗ ಇಬ್ಬರೂ ಸಮನಾಗಿ ನಿಂತು ಒಬ್ಬರ ಕಡೆಗೊಬ್ಬರು ಸರಿಯುವಂತೆ ಚಿತ್ರ ಬರೆಯುತ್ತೇವೆ. ನಿಮ್ಮ ಆಫೀಸನ್ನೇ ನೋಡಿ. ನೀವು ಪಕ್ಕದ ಸೀಟಿನವರ ಕಡೆ ಪೂರ್ತಿ ಸರಿದಿದ್ದೀರಿ. ಅವರು ನಿಮ್ಮ ಕಡೆ ಒಂದು ಇಂಚೂ ಸರಿದಿಲ್ಲ. ನಾಳೆ ಅವರು ಗದಗಿಗೆ ವರ್ಗವಾಗಿ ಹೋದರೂ ಅಲ್ಲಿಯ ಜನವೇ ಅವರ ಕಡೆ ಸರಿಯುತ್ತಾರೆ. ಅವರು ಜೀವನಪೂರ್ತಿ ಒಂದೇ ಕನ್ನಡ ಆಡಿ ‘ನಾನು ಸಹಜವಾಗಿ ಮಾತಾಡುವವನು’ ಅಂತ ಅಂದುಕೊಳ್ಳಬಹುದು. ನೀವು ಎರಡನ್ನೂ ಕಲಿತು, ಎರಡನ್ನೂ ಸರಿಯಾದ ಜಾಗಕ್ಕೆ ಬಳಸಿ, ಕೊನೆಗೆ ‘ನಾಟಕದವಳಾ?’ ಅಂತ ಕೇಳಿಕೊಳ್ಳುತ್ತೀರಿ. ಹಾಗಾಗಿ ‘ನಾನು ಯಾಕೆ ಬದಲಿಸುತ್ತೇನೆ’ ಅನ್ನುವುದಕ್ಕಿಂತ ‘ಅವರಿಗೆ ಯಾಕೆ ಬದಲಿಸಬೇಕಾಗಿಲ್ಲ’ ಅನ್ನುವ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಅದಕ್ಕೆ ಉತ್ತರದ ಒಂದು ತುಂಡು ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಕ್ಕಿತು. ಇಂಗ್ಲಿಷಿನವರ ಕೈಯಲ್ಲಿ ದುಡ್ಡು, ಫ್ರೆಂಚರದು ಜನಸಂಖ್ಯೆ ಅನ್ನುವಂತಿದ್ದ ಕಾಲ. ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು, 1960ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ಒಂದೇ ಬರಹವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿಸಿದರು. ಕೇಳುವವರಿಗೆ ಇವರು ಬೇರೆ ಬೇರೆ ಜನ ಅಂತಲೇ ಭಾವನೆ. ಒಬ್ಬರೇ ವ್ಯಕ್ತಿ ಇಂಗ್ಲಿಷಿನಲ್ಲಿ ಓದಿದಾಗ ಹೆಚ್ಚು ಬುದ್ಧಿವಂತರು, ನಂಬಿಕಸ್ಥರು, ಎತ್ತರದವರು ಅಂತ ಕೂಡ ಅಂಕ ಬಿತ್ತು. ಇಂಗ್ಲಿಷರು ಹಾಗೆ ಅಂಕ ಕೊಟ್ಟದ್ದು ಯಾರಿಗೂ ಆಶ್ಚರ್ಯ ಅಲ್ಲ. ಫ್ರೆಂಚ್ ವಿದ್ಯಾರ್ಥಿಗಳು ತಮ್ಮದೇ ಭಾಷೆಯ ದನಿಗೆ ಇಂಗ್ಲಿಷರು ಕೊಟ್ಟದ್ದಕ್ಕಿಂತಲೂ ಕಡಿಮೆ ಅಂಕ ಕೊಟ್ಟರು. ಈ ಫಲಿತಾಂಶ ಓದಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮೇಲಿನವರ ಕಿವಿ ನಮ್ಮ ತಲೆಯೊಳಗೇ ಬಂದು ಕೂತಿರುತ್ತದೆ. ‘ನಾಟಕವಾ’ ಅನ್ನುವ ನಿಮ್ಮ ಪ್ರಶ್ನೆಯಲ್ಲೂ ಪಕ್ಕದ ಸೀಟಿನವರ ದನಿ ಸ್ವಲ್ಪ ಇದೆ.

ಕನ್ನಡದ ಮೇಲೆ ಈ ಬಗೆಯ ಕೆಲಸ ಶುರುವಾದದ್ದು ಜಾತಿಯಿಂದ. 1960ರ ಹೊತ್ತಿಗೆ ವಿಲಿಯಂ ಬ್ರೈಟ್ ಬೆಂಗಳೂರು ಕಡೆಯ ಮಾತನ್ನೂ ವಿಲಿಯಂ ಮೆಕಾರ್ಮ್ಯಾಕ್ ಧಾರವಾಡದ ಮಾತನ್ನೂ ಅಧ್ಯಯನ ಮಾಡಿದರು. ಬ್ರಾಹ್ಮಣರು ‘ಹಾಲು’ ಅನ್ನುವ ಕಡೆ ಉಳಿದವರು ‘ಆಲು’ ಅನ್ನುವಂಥ ವ್ಯತ್ಯಾಸಗಳನ್ನು ಅವರು ಗುರುತು ಹಾಕಿದರು. ಆ ಕಾಲಕ್ಕೆ ಅದು ಬೇಕಾದ ಕೆಲಸ. ಅದರ ದೋಷ ಅಂದರೆ ಜನರನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದದ್ದು. ಒಬ್ಬರೇ ವ್ಯಕ್ತಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಗೆ ಬದಲಾಗುತ್ತಾರೆ ಅನ್ನುವುದು ಆ ಲೆಕ್ಕದಲ್ಲಿ ಸಿಕ್ಕುವುದಿಲ್ಲ. ನಿಮ್ಮ ‘ಗದಗ ಮಾತು’ ಕೂಡ ಒಂದೇ ಅಲ್ಲ ತಾನೇ? ನಿಮ್ಮ ಓಣಿ, ನಿಮ್ಮ ಮನೆತನ, ನೀವು ಓದಿದ ಶಾಲೆ ಎಲ್ಲ ಅದರಲ್ಲಿದೆ.

‘ನಿಜವಾದ ಮಾತು ಯಾವುದು’ ಅನ್ನುವುದಕ್ಕೆ ಲಬೋವ್ ಒಂದು ಉತ್ತರ ಇಟ್ಟುಕೊಂಡಿದ್ದರು. ತನ್ನ ಮಾತಿನ ಮೇಲೆ ಗಮನ ಕಡಿಮೆ ಇದ್ದಾಗ ಆಡುವುದೇ ಅಸಲಿ ಆಡುಮಾತು. ಅದನ್ನು ಹೊರಡಿಸಲು ‘ನಿಮ್ಮ ಪ್ರಾಣಕ್ಕೇ ಕುತ್ತು ಬಂದ ಸಂದರ್ಭ ಯಾವುದಾದರೂ ಇದೆಯಾ?’ ಅಂತ ಕೇಳುತ್ತಿದ್ದರು. ಕಥೆ ಹೇಳುವ ಭರದಲ್ಲಿ ಜನ ಸಂದರ್ಶನವನ್ನೇ ಮರೆಯುತ್ತಿದ್ದರು. ಆ ಅಳತೆಯಲ್ಲಿ ನಿಮ್ಮ ಅವ್ವನ ಫೋನಿನ ಮಾತೇ ಅಸಲಿ. ನನಗೆ ಈ ಅಳತೆ ಪೂರ್ತಿ ಒಪ್ಪಿಗೆ ಇಲ್ಲ. ಇಷ್ಟು ವರ್ಷ ಬೆಂಗಳೂರಿನಲ್ಲಿ ದುಡಿದು, ಸ್ನೇಹ ಮಾಡಿ, ಜಗಳವನ್ನೂ ಆಡಿದ ಭಾಷೆ ನಕಲಿ ಹೇಗಾಗುತ್ತದೆ?

ಇನ್ನು ಮಗಳು. ಪಾಲ್ ಕರ್ಸ್‌ವಿಲ್ ಮತ್ತು ಆನ್ ವಿಲಿಯಮ್ಸ್ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನಲ್ಲಿ 4, 8, 12 ವರ್ಷದ ಮಕ್ಕಳ ಮಾತು ನೋಡಿದರು. ಅದು 1967ರಲ್ಲಿ ಘೋಷಿಸಿ ಕಟ್ಟಿದ ಹೊಸ ಪಟ್ಟಣ. ಎಲ್ಲರ ಅಪ್ಪ ಅಮ್ಮಂದಿರೂ ಬೇರೆ ಬೇರೆ ಕಡೆಯಿಂದ ಬಂದವರು. ನಾಲ್ಕು ವರ್ಷದವರ ಮಾತಿನಲ್ಲಿ ತಾಯಿಯ ಊರು ಕೇಳಿಸುತ್ತಿತ್ತು. ದೊಡ್ಡ ಮಕ್ಕಳು ತಮ್ಮ ಓರಗೆಯವರಂತೆ ಮಾತಾಡುತ್ತಿದ್ದರು. ಅಂದರೆ ನಿಮ್ಮ ಮಗಳು ಆ ವಯಸ್ಸಿನ ಮಕ್ಕಳು ಮಾಡುವುದನ್ನೇ ಮಾಡುತ್ತಿದ್ದಾಳೆ. ಅಮೆರಿಕದ ಫಿಲಡೆಲ್ಫಿಯಾದ ಹೊರವಲಯದಲ್ಲಿ ಆರ್ವಿಲಾ ಪೇನ್ ಕಂಡ ಇನ್ನೊಂದು ವಿಷಯವೂ ಇದೆ. ಬೇರೆ ಊರಿಂದ ಬಂದವರ ಮಕ್ಕಳು ಹೊಸ ಊರಿನ ಸರಳ ಉಚ್ಚಾರಣೆಗಳನ್ನು ಬೇಗ ಹಿಡಿದರು. ತೊಡಕಿನ ಒಂದು ಸ್ವರನಿಯಮ ಮಾತ್ರ ಅಪ್ಪ ಅಮ್ಮ ಅಲ್ಲಿಯವರೇ ಆಗಿದ್ದ ಮಕ್ಕಳಿಗೆ ಮಾತ್ರ ಪೂರ್ತಿ ಬಂತು. ಹಾಗಾಗಿ ಮಗಳ ಬೆಂಗಳೂರು ಕನ್ನಡದಲ್ಲೂ ನಿಮ್ಮದೇನೋ ಉಳಿದಿರುತ್ತದೆ. ಅಜ್ಜಿಯ ಮುಂದೆ ಅವಳನ್ನು ತಿದ್ದಬೇಡಿ. ತಿದ್ದಿದರೆ ಅಜ್ಜಿಯ ಮಾತು ಪರೀಕ್ಷೆಯ ವಿಷಯವಾಗುತ್ತದೆ. ರಜೆಯಲ್ಲಿ ಊರಿನ ಮಕ್ಕಳ ಜೊತೆ ಆಡಲು ಬಿಡಿ, ಕೆಲಸ ಅವರು ಮಾಡುತ್ತಾರೆ.

ನಿಮಗೆ ಕುತೂಹಲ ಇದ್ದರೆ ನೀವೇ ಸಣ್ಣದಾಗಿ ಪರೀಕ್ಷಿಸಬಹುದು. ಮೊಬೈಲ್ ರೆಕಾರ್ಡರ್ ಸಾಕು. ಆಫೀಸಿನ ಊಟದ ಹೊತ್ತಿನ ಹರಟೆ ಒಂದು, ಅವ್ವನ ಫೋನ್ ಒಂದು, ತಮ್ಮನ ಜೊತೆಗಿನ ಮಾತು ಒಂದು. ಎಲ್ಲವನ್ನೂ ಅಳೆಯಲು ಹೋಗಬೇಡಿ, ಕಳೆದುಹೋಗುತ್ತೀರಿ. ‘ಮಾಡ್ತಾ ಇದ್ದೀನಿ’, ‘ಮಾಡಾಕತ್ತೀನಿ’ ಥರದ ಕ್ರಿಯಾಪದ ಎಲ್ಲೆಲ್ಲಿ ಬಂತು ಅಂತ ಅದೊಂದನ್ನೇ ಗುರುತು ಹಾಕಿ. ಪಕ್ಕದಲ್ಲಿ ಆಗ ಯಾವ ವಿಷಯ ನಡೆದಿತ್ತು, ಯಾರು ಕೇಳುತ್ತಿದ್ದರು ಅಂತ ಬರೆಯಿರಿ. ದುಡ್ಡಿನ ಮಾತು, ಡಾಕ್ಟರ ಮಾತು ಬಂದಾಗ ಏನಾಗುತ್ತದೆ ನೋಡಿ. ರೆಕಾರ್ಡ್ ಮಾಡುವ ಮೊದಲು ಎಲ್ಲರಿಗೂ ಹೇಳಿ ಒಪ್ಪಿಗೆ ಪಡೆಯಿರಿ, ತಮ್ಮನಿಗೂ. ಹೇಳಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ಎಲ್ಲರೂ ಬಿಗಿಯಾಗಿ ಮಾತಾಡುತ್ತಾರೆ. ಆ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡಿ.